ಹೊಸ ಜೋಡಿಗೊಂದು ಸಂಜೆ



ಅಕ್ಟೋಬರ್, ನವೆಂಬರ್ ಬಂತೆಂದರೆ ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಮದುವೆಯ ಗಡಿಬಿಡಿ. ಸಭಾಂಗಣ ಸಿಗುವುದು ಕಷ್ಟ, ಅಡುಗೆಯವರು ಸಿಗುವುದು ಇನ್ನೂ ಕಷ್ಟ. ಅದಕ್ಕೆ ಕಾರಣವಿದೆ. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳ ಅವಧಿಯನ್ನು ನಾವು ಆಗಮನ ಕಾಲ ಎನ್ನುತ್ತೇವೆ. ಕಾಯುವ ಕಾಲ ಅದು, ಮನಸ್ಸನ್ನು ಹಸನು ಮಾಡಿಕೊಳ್ಳುವ ಕಾಲ. ಆ ದಿನಗಳಲ್ಲಿ ಅದ್ದೂರಿ ಮದುವೆ ಇಟ್ಟುಕೊಳ್ಳುವ ವಾಡಿಕೆ ನಮ್ಮ ಕಥೋಲಿಕರಲ್ಲಿ ಇಲ್ಲ. ಒಂದೋ ಆಗಮನ ಕಾಲ ಶುರುವಾಗುವ ಮೊದಲೇ ಮದುವೆ ಮುಗಿಯಬೇಕು, ಇಲ್ಲವೇ ಕ್ರಿಸ್ಮಸ್ ಕಳೆಯುವ ತನಕ ಕಾಯಬೇಕು. ಹಾಗಾಗಿ ನವೆಂಬರಿನಲ್ಲಿ ಉಂಗುರ ತೊಟ್ಟ ಜೋಡಿಗಳಿಗೆ ಕೈಯ ಮದರಂಗಿ ಮಾಸುವ ಮೊದಲೇ ಕ್ರಿಸ್ಮಸ್ ಎದುರಿಗೆ ಬಂದು ನಿಂತಿರುತ್ತದೆ.

ಈ ವರ್ಷ ನಮ್ಮ ಮನೆಯಲ್ಲೂ ಅಂಥದೊಂದು ಜೋಡಿ ಇದೆ. ಹುಡುಗ ನನ್ನ ಅಣ್ಣನ ಮಗ, ಮಂಗಳೂರಿನ ಕೊಂಕಣಿ ಮಾತಾಡುವ ಕಥೋಲಿಕ ಮನೆಯಲ್ಲಿ ಬೆಳೆದವನು. ಹುಡುಗಿ ಗದಗ-ಬೆಟಗೇರಿಯವಳು. ಬಾಸೆಲ್ ಮಿಷನ್ನಿನವರು 1841ರಲ್ಲಿ ಬೆಟಗೇರಿಗೆ ಬಂದು ನೆಲೆ ಹೂಡಿದ ಕಾಲದಿಂದ ಬಂದ ಪ್ರಾಟೆಸ್ಟೆಂಟ್ ಪರಂಪರೆ ಅವರದು. ಮನೆಮಾತು ಅಚ್ಚ ಉತ್ತರ ಕರ್ನಾಟಕದ ಕನ್ನಡ. ಬಿಷಪರ ಅನುಮತಿ ಪಡೆದು, ಎರಡೂ ಮನೆಯವರು ಒಪ್ಪಿ ಮಾಡಿದ ಮದುವೆ. ಇಬ್ಬರಿಗೂ ಬೆಂಗಳೂರಿನಲ್ಲಿ ಕೆಲಸ, ಎರಡು ಕೋಣೆಯ ಬಾಡಿಗೆ ಮನೆ. ಅವರಿಬ್ಬರನ್ನು ಮುಂದಿಟ್ಟುಕೊಂಡೇ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಹೊಸದಾಗಿ ಮದುವೆಯಾದವರ ಮೊದಲ ಕ್ರಿಸ್ಮಸ್ಸಿನ ವಿಷಯದಲ್ಲಿ ಹಿರಿಯರಾದ ನಾವು ಸ್ವಲ್ಪ ಯೋಚಿಸಬೇಕಾದದ್ದಿದೆ ಎಂದು ನನಗೆ ಬಹಳ ದಿನಗಳಿಂದ ಅನ್ನಿಸುತ್ತಿದೆ.

ಕ್ರಿಸ್ಮಸ್ ಎಂದೊಡನೆ ನಮ್ಮ ಕಣ್ಣು ಗೋದಲಿಯಲ್ಲಿ ಮಲಗಿದ ಮಗುವಿನ ಮೇಲೆ ಹೋಗುತ್ತದೆ. ಹೋಗಬೇಕಾದದ್ದೇ. ಆದರೆ ಆ ಮಗುವಿನ ಅಕ್ಕಪಕ್ಕ ಮಂಡಿಯೂರಿದ ಇಬ್ಬರನ್ನು ನಾವು ಎಷ್ಟು ನೋಡುತ್ತೇವೆ? ಜೋಸೆಫ್ ಮತ್ತು ಮರಿಯಾ ಆಗಷ್ಟೇ ಸಂಸಾರ ಹೂಡಿದ ಜೋಡಿ. ಅಂದಿನ ಯೆಹೂದ್ಯರಲ್ಲಿ ಮದುವೆ ಎರಡು ಹಂತಗಳಲ್ಲಿ ನಡೆಯುತ್ತಿತ್ತು. ಮೊದಲು ನಿಶ್ಚಯ, ಬರಿಯ ಮಾತುಕತೆಯಲ್ಲ ಅದು, ಮುರಿಯಬೇಕಾದರೆ ವಿಚ್ಛೇದನವೇ ಬೇಕಾಗುವಷ್ಟು ಗಟ್ಟಿಯಾದದ್ದು. ಆಮೇಲೆ ಕೆಲಕಾಲ ಕಳೆದು ಹೆಣ್ಣನ್ನು ಗಂಡನ ಮನೆಗೆ ಕರೆತರುವುದು. ಈ ಎರಡರ ನಡುವಿನಲ್ಲೇ ಮರಿಯಾ ಗರ್ಭಿಣಿಯೆಂದು ಜೋಸೆಫನಿಗೆ ತಿಳಿಯುತ್ತದೆ. ಯಾರಿಗೂ ಗೊತ್ತಾಗದಂತೆ ಬಿಟ್ಟುಬಿಡಬೇಕೆಂದುಕೊಂಡ ಅವನು ಕನಸಿನಲ್ಲಿ ದೇವದೂತನ ಮಾತು ಕೇಳಿ ಅವಳನ್ನು ಮನೆಗೆ ಕರೆತರುತ್ತಾನೆ ಎನ್ನುತ್ತದೆ ಮತ್ತಾಯನ ಸುವಾರ್ತೆ. ಊರಿನ ಬಾಯಿಗೆ ಆ ಇಬ್ಬರು ಎಷ್ಟು ಆಹಾರವಾಗಿರಬೇಕೆಂದು ಸಂಸಾರ ನಡೆಸಿದ ಯಾರಾದರೂ ಊಹಿಸಬಲ್ಲರು.

ಅಷ್ಟರಲ್ಲಿ ರೋಮಿನ ಚಕ್ರವರ್ತಿ ಅಗಸ್ಟಸನ ಜನಗಣತಿಯ ಆಜ್ಞೆ ಬಂತು. ನಜರೇತಿನಿಂದ ಬೆತ್ಲೆಹೇಮಿಗೆ ದಾರಿ ಹಿಡಿದು ಹೋದರೆ ಸುಮಾರು 150 ಕಿಲೋಮೀಟರ್. ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತಿ, ಸಕಲೇಶಪುರ ದಾಟಿ, ಹಾಸನದ ಹತ್ತಿರ ಬರುವಷ್ಟು ದೂರ. ದಿನ ತುಂಬುತ್ತಿರುವ ಹೆಂಡತಿಯನ್ನು ಕರೆದುಕೊಂಡು ಬಡಗಿಯೊಬ್ಬ ಅಷ್ಟು ದೂರ ಹೋದ. ಚಿತ್ರಗಳಲ್ಲಿ ಅವಳನ್ನು ಕತ್ತೆಯ ಮೇಲೆ ಕೂರಿಸಿರುತ್ತಾರೆ. ಸುವಾರ್ತೆಯಲ್ಲಿ ಕತ್ತೆಯ ಮಾತೇ ಇಲ್ಲ. ಹೋದ ಊರಿನಲ್ಲಿ ಛತ್ರದಲ್ಲಿ ಜಾಗ ಇರಲಿಲ್ಲ. ದನಕ್ಕೆ ಮೇವು ಹಾಕುವ ಗೋದಲಿಯೇ ಮಗುವಿಗೆ ತೊಟ್ಟಿಲಾಯಿತು. ಹೀಗೆ ಮೊತ್ತಮೊದಲ ಕ್ರಿಸ್ಮಸ್ ನಡೆದದ್ದು ಹೊಸ ಸಂಸಾರವೊಂದರಲ್ಲಿ, ಅತ್ತೆ-ಮಾವ, ತಾಯಿ-ತಂದೆ, ಬಂಧುಬಳಗ ಯಾರೂ ಹತ್ತಿರವಿಲ್ಲದ ಒಂದು ರಾತ್ರಿ. ನಾವು ಪ್ರತಿವರ್ಷ ಹುಲ್ಲು ಹಾಸಿ ಗೋದಲಿ ಕಟ್ಟುವಾಗ ನವದಂಪತಿಗಳ ಮೊದಲ ಮನೆಯನ್ನೇ ಕಟ್ಟುತ್ತೇವೆ.

ಇರಲಿ, ನಮ್ಮ ಜೋಡಿಯ ಕಡೆ ಬರುತ್ತೇನೆ. ಕಳೆದ ಶನಿವಾರ ರಾತ್ರಿ ಬಸ್ಸು ಹತ್ತಿ ಭಾನುವಾರ ಬೆಳಗ್ಗೆ ಇಬ್ಬರೂ ಮಂಗಳೂರಿಗೆ ಬಂದಿಳಿದರು. ಬಂದದ್ದು ಕುಸ್ವಾರಿಗೆ. ಕ್ರಿಸ್ಮಸ್ಸಿಗೆ ಮಾಡುವ ತಿಂಡಿಗಳೆಲ್ಲ ಸೇರಿ ನಮ್ಮಲ್ಲಿ ಕುಸ್ವಾರ್. ನೆವ್ರ್ಯೊ, ಕಿಡಿಯೊ, ಗುಳಿಯೊ, ಕೊಕ್ಕಿಸಾಂ, ಎಳ್ಳುಂಡೆ, ಚಕ್ಕುಲಿ, ತುಕ್ಡಿ, ಕೊನೆಗೆ ಒಂದು ಕೇಕು. ಈಗ ಮಂಗಳೂರಿನ ಬೇಕರಿಗಳಲ್ಲಿ ಎಲ್ಲವೂ ಡಬ್ಬದಲ್ಲಿ ತುಂಬಿ ಸಿದ್ಧವಾಗಿ ಸಿಗುತ್ತವೆ. ಕೊಂಡು ತರುವವರನ್ನು ನಾನು ದೂರುವುದಿಲ್ಲ. ಮನೆಯಲ್ಲಿ ಮುದುಕರಿಬ್ಬರೇ ಇದ್ದು ಮಕ್ಕಳೆಲ್ಲ ದೂರದಲ್ಲಿದ್ದರೆ ಎಣ್ಣೆ ಬಾಣಲೆಯ ಮುಂದೆ ಯಾರು ಕೂರಬೇಕು? ಆದರೆ ಹೊಸದಾಗಿ ಮದುವೆಯಾದವರು ಒಂದೇ ಒಂದು ತಿಂಡಿಯನ್ನಾದರೂ ಜೊತೆಗೂಡಿ ಕೈಯಾರೆ ಮಾಡಬೇಕು ಎನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ಹಿಟ್ಟಿನ ಮುಂದೆ ಕುಳಿತು ಎರಡು ತಾಸು ಕೈಯಾಡಿಸುವಾಗ ಗಂಡನ ಮನೆಯ ಬಗ್ಗೆ ತಿಳಿಯುವಷ್ಟು ವಿಷಯ ಮದುವೆಗೆ ಮುಂಚೆ ಆರು ತಿಂಗಳು ಫೋನಿನಲ್ಲಿ ಮಾತಾಡಿದರೂ ತಿಳಿಯುವುದಿಲ್ಲ.

ಕಿಡಿಯೊ ಮಾಡುವುದನ್ನು ನೀವು ನೋಡಿರಬಹುದು. ಮೈದಾ ಹಿಟ್ಟಿಗೆ ತೆಂಗಿನ ಹಾಲು, ತುಸು ತುಪ್ಪ, ಚಿಟಿಕೆ ಉಪ್ಪು ಹಾಕಿ ಕಲಸಿ, ಗೋಲಿಗಿಂತ ಚಿಕ್ಕ ಉಂಡೆ ಕಟ್ಟಿ, ಹೊಸ ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ ಸುರುಳಿ ಸುತ್ತಬೇಕು. ಕರಿದು ಸಕ್ಕರೆ ಪಾಕದಲ್ಲಿ ಹೊರಳಿಸಿದರೆ ಗೆರೆಗೆರೆಯಲ್ಲೂ ಸಕ್ಕರೆ ಬಿಳುಪಾಗಿ ಹಿಡಿದುಕೊಳ್ಳುತ್ತದೆ. ಒಂದು ಸೇರು ಹಿಟ್ಟಿಗೆ ನೂರಾರು ಕಿಡಿಯೊ; ಒಬ್ಬರ ಕೈಯಲ್ಲಿ ಆಗುವ ಕೆಲಸವೇ ಅಲ್ಲ. ಅದಕ್ಕೇ ಅದು ಮನೆಮಂದಿಯೆಲ್ಲ ಮೇಜಿನ ಸುತ್ತ ಕೂರುವ ತಿಂಡಿ. ನಮ್ಮ ಕಾಲದಲ್ಲಿ ಗಂಡಸರು ಸುತ್ತಿಟ್ಟದ್ದನ್ನು ತಿನ್ನಲಿಕ್ಕಷ್ಟೇ ಬರುತ್ತಿದ್ದರು. ಈ ಸಲ ಅಣ್ಣನ ಮಗ ತೋಳು ಮಡಚಿ ಹೆಂಡತಿಯ ಪಕ್ಕದಲ್ಲಿ ಕೂತು ಊಟದ ಹೊತ್ತಿನವರೆಗೂ ಸುತ್ತಿದ. ನನಗೆ ಮನಸ್ಸು ತುಂಬಿ ಬಂತು.

ಕೊಕ್ಕಿಸಾಮಿನ ಅಚ್ಚು ಬೇರೆಯೇ ಪಾಠ. ಹೂವಿನಾಕಾರದ ಕಬ್ಬಿಣದ ಅಚ್ಚನ್ನು ಮೊದಲು ಎಣ್ಣೆಯಲ್ಲೇ ಚೆನ್ನಾಗಿ ಕಾಯಿಸಬೇಕು. ಆಮೇಲೆ ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಅದ್ದಬೇಕು. ಪೂರ್ತಿ ಮುಳುಗಿದರೆ ಹಿಟ್ಟು ಮೇಲಿನಿಂದ ಅಚ್ಚನ್ನು ಅಪ್ಪಿಕೊಳ್ಳುತ್ತದೆ, ಹೂವು ಬಿಡುವುದೇ ಇಲ್ಲ. ಅಚ್ಚು ತಣ್ಣಗಿದ್ದರೆ ಹಿಟ್ಟು ಹಿಡಿಯುವುದಿಲ್ಲ, ವಿಪರೀತ ಕಾದಿದ್ದರೆ ಹಿಟ್ಟಿನ ಪಾತ್ರೆಯಲ್ಲೇ ಬೆಂದು ಕಳಚಿ ಬೀಳುತ್ತದೆ. ಅತ್ತಿಗೆ ಬಾಯಿಬಿಟ್ಟು ಏನೂ ಹೇಳಲಿಲ್ಲ. ಸೊಸೆಯ ಕೈಗೆ ಅಚ್ಚಿನ ಹಿಡಿ ಕೊಟ್ಟು ಪಕ್ಕದಲ್ಲಿ ನಿಂತರು.

ಆ ದಿನದ ನಿಜವಾದ ಘಟನೆ ನಡೆದದ್ದು ನೆವ್ರ್ಯೊ ಮಾಡುವಾಗ. ಅರ್ಧಚಂದ್ರದ ಆಕಾರದ ನೆವ್ರ್ಯೊಗೆ ನಮ್ಮ ಮನೆಯಲ್ಲಿ ಹುರಿದ ಎಳ್ಳು, ತೆಂಗಿನ ತುರಿ, ಗೋಡಂಬಿ ಚೂರು, ಒಣದ್ರಾಕ್ಷಿ, ಸಕ್ಕರೆ, ಏಲಕ್ಕಿ ಹಾಕಿದ ಹೂರಣ. ಅಂಚನ್ನು ಹಲ್ಲಿನ ಚಕ್ರದಿಂದ ಕತ್ತರಿಸುತ್ತೇವೆ. ಹುಡುಗಿ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಚಕ್ರವನ್ನು ಬದಿಗಿಟ್ಟು, ಅಂಚನ್ನು ಹೆಬ್ಬೆರಳು ತೋರುಬೆರಳಿನಲ್ಲಿ ಹಿಡಿದು ಒಂದೊಂದೇ ಮಡಿಕೆಯಾಗಿ ಮುರಿಗಿ ಹಾಕುತ್ತ ಹೋದಳು. ಹಗ್ಗ ಹೊಸೆದಂಥ ಅಂಚು, ಒಂದೇ ಅಳತೆ. “ನಮ್ಮ ಕಡೆ ಕರ್ಜಿಕಾಯಿ ಹಿಂಗ ಮಾಡ್ತೀವ್ರಿ ಅತ್ತಿ” ಎಂದಳು. ಅವಳ ಮನೆಯ ಹೂರಣದಲ್ಲಿ ಪುಟಾಣಿ ಹಿಟ್ಟು, ಕೊಬ್ಬರಿ, ಗಸಗಸೆ ಇರುತ್ತದಂತೆ. ಅತ್ತಿಗೆ ಆ ಮುರಿಗಿ ಹಾಕಿದ ಅಂಚನ್ನು ಬೆಳಕಿಗೆ ಹಿಡಿದು ನೋಡಿದರು. ಡಬ್ಬ ತಡಕಿ ಹುರಿಗಡಲೆ ತೆಗೆದರು, ಮಗನನ್ನು ಅಂಗಡಿಗೆ ಗಸಗಸೆಗೆ ಓಡಿಸಿದರು. ಈ ವರ್ಷ ನಮ್ಮ ಡಬ್ಬದಲ್ಲಿ ಎರಡೂ ಇವೆ. ಇನ್ನೊಂದು ಮಾತು: ಎಣ್ಣೆಗೆ ಬಿಟ್ಟಾಗ ಚಕ್ರದಿಂದ ಕತ್ತರಿಸಿದವುಗಳಲ್ಲಿ ಕೆಲವು ಬಾಯಿಬಿಟ್ಟವು. ಬೆಟಗೇರಿಯ ಮುರಿಗಿ ಹಾಕಿದ್ದು ಒಂದೂ ಬಿಚ್ಚಲಿಲ್ಲ.

ತಿಂಡಿಯಲ್ಲಿ ಹೊಂದಾಣಿಕೆ ಸುಲಭ. ನಂಬಿಕೆಯ ವಿಷಯ ಅಷ್ಟು ಸುಲಭವಲ್ಲ. ಅದನ್ನು ಮುಚ್ಚಿಡುವುದು ಬೇಡ.

ಹುಡುಗಿಯ ತಂದೆಯ ಮನೆಯಲ್ಲಿ ಕ್ರಿಸ್ಮಸ್ಸಿಗೆ ನಕ್ಷತ್ರ ಕಟ್ಟುತ್ತಾರೆ, ಗಿಡಕ್ಕೆ ದೀಪ ಹಾಕುತ್ತಾರೆ. ಆದರೆ ಪ್ರತಿಮೆ ಇಡುವ ರೂಢಿ ಇಲ್ಲ. ಅವರ ಹಬ್ಬವೆಲ್ಲ ಹಾಡಿನಲ್ಲಿ, ವಾಕ್ಯದಲ್ಲಿ. ಡಿಸೆಂಬರಿನ ಚಳಿಯಲ್ಲಿ ಹಾರ್ಮೋನಿಯಂ, ಢೋಲಕ್ ಹಿಡಿದು ಮನೆಮನೆಗೆ ಕ್ಯಾರೊಲ್ ಹಾಡುತ್ತ ಹೋಗುವ ತಂಡದಲ್ಲಿ ಅವಳು ಏಳೆಂಟು ವರ್ಷದವಳಿದ್ದಾಗಿನಿಂದ ಇದ್ದವಳು. ನಮ್ಮಲ್ಲಿ ಗೋದಲಿಯಿಲ್ಲದ ಕ್ರಿಸ್ಮಸ್ ಇಲ್ಲ. ಬೆಂಗಳೂರಿನ ಆ ಎರಡು ಕೋಣೆಯ ಮನೆಯಲ್ಲಿ ಗೋದಲಿ ಇಡಬೇಕೋ ಬೇಡವೋ ಎಂಬ ಮಾತು ಬಂದಾಗ ಹುಡುಗ ಹೆಂಡತಿಯನ್ನು ಒತ್ತಾಯಿಸಲಿಲ್ಲ. ಅವಳೂ ಬೇಡವೆನ್ನಲಿಲ್ಲ. “ಗುಡಿಸಲು, ಗದ್ದೆ ನಾನು ಮಾಡ್ತೀನಿ. ಒಳಗ ಇಡೋದು ನೀವು ಇಡ್ರಿ” ಎಂದಳಂತೆ. ಈಗ ಅವರ ಬಾಲ್ಕನಿಯಲ್ಲಿ ಒಂದು ಸ್ಟೀಲ್ ತಟ್ಟೆಯಲ್ಲಿ ಮಣ್ಣು ಹರವಿ ರಾಗಿ ಬಿತ್ತಿದ್ದಾಳೆ. ಊರಿನಲ್ಲಿ ನಾವು ತೆಂಗಿನ ಗೆರಟೆಗಳಲ್ಲಿ ಬಿತ್ತುವುದು. ಹತ್ತು ಹನ್ನೆರಡು ದಿನಕ್ಕೆ ಮೊಳಕೆ ಎದ್ದು ಹಸಿರು ಗದ್ದೆಯಾಗುತ್ತದೆ, ಅದನ್ನು ಗೋದಲಿಯ ಸುತ್ತ ಜೋಡಿಸಬೇಕು. ಮಗುವಿನ ಪ್ರತಿಮೆಯನ್ನು ಮಾತ್ರ ಕ್ರಿಸ್ಮಸ್ ರಾತ್ರಿಯ ತನಕ ಇಡುವುದಿಲ್ಲ. ಅಲ್ಲಿಯವರೆಗೆ ಗುಡಿಸಲಿನಲ್ಲಿ ಇರುವುದು ಕಾಯುತ್ತಿರುವ ಗಂಡ ಹೆಂಡತಿ ಮಾತ್ರ.

ಈ ಎರಡು ಪರಂಪರೆಗಳ ನಡುವೆ ಕೊಟ್ಟು ತೆಗೆದುಕೊಂಡದ್ದು ನಾವಂದುಕೊಂಡದ್ದಕ್ಕಿಂತ ಹೆಚ್ಚಿದೆ ಎನ್ನುವುದನ್ನು ನಾನು ಆ ದಿನ ಅವರಿಬ್ಬರಿಗೂ ಹೇಳಿದೆ. ಗೋದಲಿ ಕಟ್ಟುವ ಪದ್ಧತಿಯನ್ನು ಜನಪ್ರಿಯಗೊಳಿಸಿದವರು ಕಥೋಲಿಕ ಸಂತ ಫ್ರಾನ್ಸಿಸ್ ಅಸಿಸಿ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ನಿಜವಾದ ಎತ್ತು, ಕತ್ತೆ, ಹುಲ್ಲು ತರಿಸಿ ಬೆತ್ಲೆಹೇಮಿನ ಬಡತನವನ್ನು ಜನರ ಕಣ್ಣಿಗೆ ಕಟ್ಟುವಂತೆ ಮಾಡಿದರು. ಇನ್ನು ನಮ್ಮ ಚರ್ಚುಗಳಲ್ಲಿ ಆಗಮನ ಕಾಲದ ಒಂದೊಂದು ಭಾನುವಾರ ಒಂದೊಂದು ಮೇಣದ ಬತ್ತಿ ಹಚ್ಚುತ್ತೇವಲ್ಲ, ಆ ಹಸಿರು ಮಾಲೆ? ಮೂರು ನೇರಳೆ, ಒಂದು ಗುಲಾಬಿ ಬಣ್ಣದ ಬತ್ತಿ ಇರುವ ಆ ಚಕ್ರ ನಮ್ಮದೇ ಎಂದು ಹೆಚ್ಚಿನ ಕಥೋಲಿಕರು ತಿಳಿದಿದ್ದಾರೆ. ಅದು ಬಂದದ್ದು ಜರ್ಮನಿಯ ಲೂಥರನ್ ಪಾದ್ರಿ ಯೋಹಾನ್ ಹಿನ್ರಿಶ್ ವಿಖೆರ್ನ್ ಅವರಿಂದ. ಹ್ಯಾಂಬರ್ಗಿನಲ್ಲಿ ಬಡಮಕ್ಕಳ ಆಶ್ರಯಧಾಮ ನಡೆಸುತ್ತಿದ್ದ ಅವರನ್ನು ಮಕ್ಕಳು ಕ್ರಿಸ್ಮಸ್ ಯಾವಾಗ, ಯಾವಾಗ ಎಂದು ದಿನವೂ ಕೇಳುತ್ತಿದ್ದರಂತೆ. 1839ರಲ್ಲಿ ಅವರು ಹಳೆಯ ಗಾಡಿಚಕ್ರದ ಮೇಲೆ ಬತ್ತಿಗಳನ್ನು ನಿಲ್ಲಿಸಿ ದಿನಕ್ಕೊಂದರಂತೆ ಹಚ್ಚಿಸಿದರು.

ಹಾಡಿನ ವಿಷಯವೂ ಹೀಗೆಯೇ. ‘ಸೈಲೆಂಟ್ ನೈಟ್’ ಎಂದು ಜಗತ್ತು ಕರೆಯುವ ಹಾಡನ್ನು ಬರೆದವರು ಆಸ್ಟ್ರಿಯಾದ ಕಥೋಲಿಕ ಪಾದ್ರಿ ಯೋಸೆಫ್ ಮೋರ್, ರಾಗ ಕೂಡಿಸಿದವರು ಶಾಲಾ ಮಾಸ್ತರರಾಗಿದ್ದ ಫ್ರಾಂಝ್ ಗ್ರೂಬರ್. 1818ರ ಕ್ರಿಸ್ಮಸ್ ಹಿಂದಿನ ಸಂಜೆ ಓಬರ್ನ್‌ಡೋರ್ಫ್ ಎಂಬ ಚಿಕ್ಕ ಊರಿನ ಚರ್ಚಿನಲ್ಲಿ ಗಿಟಾರ್ ನುಡಿಸಿಕೊಂಡು ಮೊದಲ ಬಾರಿ ಹಾಡಿದರು. ಅದನ್ನು ನಾವು ಕೊಂಕಣಿಯಲ್ಲಿ ಹಾಡುತ್ತೇವೆ, ಅವಳು ಕನ್ನಡದಲ್ಲಿ ಹಾಡುತ್ತಾಳೆ, ರಾಗ ಒಂದೇ. ಭಾನುವಾರ ಸಂಜೆ ಬಾಣಲೆ ಇಳಿಸಿದ ಮೇಲೆ ಅಂಗಳದಲ್ಲಿ ಕೂತು ಎರಡೂ ಭಾಷೆಯಲ್ಲಿ ಒಟ್ಟಿಗೆ ಹಾಡಿದೆವು. ಅವಳದು ತುಂಬಿದ ಕಂಠ, ಮೇಲಿನ ಸ್ವರದಲ್ಲೂ ನಡುಗುವುದಿಲ್ಲ. ಅಣ್ಣ ಅಷ್ಟು ಜೋರಾಗಿ ಹಾಡಿದ್ದನ್ನು ನಾನು ಎಷ್ಟೋ ವರ್ಷಗಳಿಂದ ಕೇಳಿರಲಿಲ್ಲ.

ಈಗ ಕಷ್ಟದ ಮಾತಿಗೆ ಬರುತ್ತೇನೆ. ಡಿಸೆಂಬರ್ 24ರ ಸಂಜೆ ಈ ಇಬ್ಬರು ಎಲ್ಲಿರಬೇಕು?

ಹೊಸ ಜೋಡಿಯಿರುವ ಎಲ್ಲ ಮನೆಗಳಲ್ಲೂ ಈ ಪ್ರಶ್ನೆ ಇದೆ. ಮಗನ ಮನೆಯವರು “ಮದುವೆಯಾಗಿ ಮೊದಲ ಹಬ್ಬ, ಸೊಸೆ ನಮ್ಮ ಚರ್ಚಿನಲ್ಲಿ ನಮ್ಮ ಜೊತೆ ನಿಲ್ಲಬೇಕು” ಎನ್ನುತ್ತಾರೆ. ಮಗಳ ಮನೆಯವರು “ಮೊದಲ ಹಬ್ಬಕ್ಕೆ ಮಗಳು ಅಳಿಯ ಬಾರದಿದ್ದರೆ ಊರವರು ಏನಂದಾರು” ಎನ್ನುತ್ತಾರೆ. ಎರಡೂ ಪ್ರೀತಿಯಿಂದಲೇ ಬರುವ ಮಾತು. ಆದರೆ ಈ ಎರಡು ಪ್ರೀತಿಗಳ ನಡುವೆ ಸಿಕ್ಕಿಕೊಂಡ ಮಕ್ಕಳು ಡಿಸೆಂಬರ್ 23ರ ರಾತ್ರಿ ಬಸ್ಸಿನಲ್ಲಿ, 24ರಂದು ಒಂದು ಮನೆಯಲ್ಲಿ, 25ರ ಮಧ್ಯಾಹ್ನ ಇನ್ನೊಂದು ಬಸ್ಸಿನಲ್ಲಿ, 26ಕ್ಕೆ ಇನ್ನೊಂದು ಮನೆಯಲ್ಲಿ ಕಣ್ಣುಮುಚ್ಚಿದರೆ ಸಾಕೆಂಬಂತೆ ಕೂತಿರುತ್ತಾರೆ. ಹೋದ ಹೋದ ಮನೆಗಳಲ್ಲಿ ಊಟ, ಉಡುಗೊರೆ, ಫೋಟೋ. ತಮ್ಮ ಸ್ವಂತ ಮನೆಯಲ್ಲಿ ದೀಪ ಹಚ್ಚದೆಯೇ ಅವರ ಮೊದಲ ಕ್ರಿಸ್ಮಸ್ ಮುಗಿದಿರುತ್ತದೆ. ಖರ್ಚಿನ ಮಾತನ್ನೂ ಹೇಳಬೇಕು. ಮದುವೆಗೆಂದು ಮಾಡಿದ ಸಾಲ ಹೆಗಲ ಮೇಲೆ ಇರುವಾಗಲೇ ಎರಡೂ ಕಡೆಯ ಅಜ್ಜ ಅಜ್ಜಿ, ಅತ್ತೆ, ಮಾವ, ಧರ್ಮಮಾತೆ, ಧರ್ಮಪಿತರಿಗೆ ಬಟ್ಟೆಬರೆ ತರಬೇಕೆಂಬ ನಿರೀಕ್ಷೆ. ಬಾಯಿಬಿಟ್ಟು ಕೇಳದಿದ್ದರೂ ಕಣ್ಣಿನಲ್ಲಿ ಇರುತ್ತದೆ. ನವದಂಪತಿಗಳಿಂದ ಮೊದಲ ಹಬ್ಬಕ್ಕೆ ಏನನ್ನೂ ನಿರೀಕ್ಷಿಸಬಾರದು ಎಂದು ನಾನು ನೇರವಾಗಿ ಹೇಳುತ್ತೇನೆ. ಅವರ ಮುಖ ನೋಡಿದರೆ ಸಾಕು ಎನ್ನುವವರು ಆ ಮಾತನ್ನು ಅವರಿಗೆ ಮೊದಲೇ ಬಾಯಿಬಿಟ್ಟು ಹೇಳಲಿ.

ನಮ್ಮ ಹುಡುಗ ಫೋನು ಮಾಡಿ, 24ರ ಸಂಜೆ ತಾವಿಬ್ಬರೂ ಬೆಂಗಳೂರಿನ ಮನೆಯಲ್ಲೇ ಇರುತ್ತೇವೆ, ಹತ್ತಿರದ ಚರ್ಚಿನ ಕನ್ನಡ ಬಲಿಪೂಜೆಗೆ ಹೋಗುತ್ತೇವೆ, 25ರ ಬೆಳಗ್ಗೆ ಅವಳ ಸಭೆಯ ಆರಾಧನೆಗೆ ಹೋಗುತ್ತೇವೆ, ಅದೇ ರಾತ್ರಿ ಹೊರಟು 26ಕ್ಕೆ ಮಂಗಳೂರಿಗೆ ಬರುತ್ತೇವೆ ಎಂದ. ಅತ್ತಿಗೆಗೆ ಬೇಸರವಾಯಿತು. ನ್ಯಾಯವಾದ ಬೇಸರವೇ. ಅವರ ಕಣ್ಣಿನಲ್ಲಿ ಒಂದು ಚಿತ್ರವಿತ್ತು: ಚರ್ಚಿನ ಮೈದಾನದಲ್ಲಿ ಹಾಕಿದ ಚಪ್ಪರದಡಿ, ಮದುವೆಯ ಕೆಂಪು ಸೀರೆಯುಟ್ಟ ಸೊಸೆ ಪಕ್ಕದಲ್ಲಿ. ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ತಾವೇ ಫೋನು ಮಾಡಿ, ಬೆಂಗಳೂರಿನಲ್ಲಿ ಅಂದು ರಾತ್ರಿ ಊಟಕ್ಕೆ ಏನು ಮಾಡುತ್ತೀಯೆಂದು ಸೊಸೆಯನ್ನು ಕೇಳಿದರು.

ನಾನು ಹುಡುಗನ ಪರವಾಗಿ ಗಟ್ಟಿಯಾಗಿ ನಿಂತೆ. ಅದಕ್ಕೆ ನನ್ನದೇ ಕಾರಣವಿದೆ. ನನ್ನ ಮದುವೆಯ ಮೊದಲ ಕ್ರಿಸ್ಮಸ್ಸಿನಲ್ಲಿ ನನ್ನ ಗಂಡ ನನ್ನ ಜೊತೆಗಿರಲಿಲ್ಲ.

ಅದು ಎಂಬತ್ತರ ದಶಕದ ಆರಂಭ. 1973ರಲ್ಲಿ ತೈಲದ ಬೆಲೆ ಏರಿದ ಮೇಲೆ ಕೊಲ್ಲಿ ರಾಷ್ಟ್ರಗಳಲ್ಲಿ ಕೆಲಸ ತೆರೆದುಕೊಂಡಿತ್ತು, ನಮ್ಮ ಊರಿನ ಮನೆಗೊಬ್ಬರಂತೆ ಗಂಡಸರು ಸಮುದ್ರ ದಾಟಿದ್ದರು. ನನ್ನವರು ಬಹರೈನಿನಲ್ಲಿದ್ದರು. ಮದುವೆಗೆಂದು ಸಿಕ್ಕಿದ ರಜೆ ಮುಗಿಯುತ್ತಲೇ ಹೊರಟರು. ಆಗ ಬಜಪೆಯಿಂದ ಕೊಲ್ಲಿಗೆ ನೇರ ವಿಮಾನವಿರಲಿಲ್ಲ. ಬಸ್ಸಿನಲ್ಲಿ ಬೊಂಬಾಯಿಗೆ, ಅಲ್ಲಿಂದ ವಿಮಾನ. ಡಿಸೆಂಬರಿನಲ್ಲಿ ಅವರ ಜೊತೆಯ ನೌಕರರೊಬ್ಬರು ಊರಿನಿಂದ ಮರಳುವವರಿದ್ದರು. ನಮ್ಮ ಅತ್ತೆ ಬಿಸ್ಕತ್ತಿನ ತಗಡಿನ ಡಬ್ಬವೊಂದನ್ನು ತೊಳೆದು ಬಿಸಿಲಿಗಿಟ್ಟು ಒಣಗಿಸಿ, ತಳಕ್ಕೆ ಕಾಗದ ಹಾಸಿ, ಒಡೆಯುವ ಕೊಕ್ಕಿಸಾಂ ಬೇಡವೆಂದು ಕಿಡಿಯೊ, ಗುಳಿಯೊ, ನೆವ್ರ್ಯೊಗಳನ್ನು ಪದರ ಪದರವಾಗಿ ತುಂಬಿದರು. ಮುಚ್ಚಳಕ್ಕೆ ಸುತ್ತ ಹಿಟ್ಟಿನ ಅಂಟು ಹಚ್ಚಿ ಬಟ್ಟೆಯ ಪಟ್ಟಿ ಸುತ್ತಿದರು. ಮೇಲಿನ ಪದರ ನೀನೇ ಇಡು ಎಂದು ನನ್ನನ್ನು ಕರೆದರು.

ಅಲ್ಲಿಂದ ಬಂದದ್ದು ಒಂದು ಕ್ಯಾಸೆಟ್ಟು. ಫೋನು ದುಬಾರಿಯಾಗಿದ್ದ ಆ ಕಾಲದಲ್ಲಿ ಗಲ್ಫಿನಲ್ಲಿದ್ದವರು ಕಾಗದದ ಬದಲು ಮಾತನ್ನು ಕ್ಯಾಸೆಟ್ಟಿನಲ್ಲಿ ತುಂಬಿ ಕಳುಹಿಸುತ್ತಿದ್ದರು. ಮನೆಮಂದಿಯೆಲ್ಲ ಟೇಪ್ ರೆಕಾರ್ಡರಿನ ಸುತ್ತ ಕೂತೆವು. ಮೊದಲು ತಾಯಿಗೆ, ತಂದೆಗೆ, ಆಮೇಲೆ ತಮ್ಮಂದಿರಿಗೆ, ತಂಗಿಯರಿಗೆ, ನೆರೆಮನೆಯ ಅಜ್ಜಿಗೆ ಒಬ್ಬೊಬ್ಬರಿಗೂ ಮಾತು. ಮನಾಮಾದಲ್ಲಿ 1939ರಲ್ಲಿ ಕಟ್ಟಿದ ಸೇಕ್ರೆಡ್ ಹಾರ್ಟ್ ಚರ್ಚಿನಲ್ಲಿ ಕ್ರಿಸ್ಮಸ್ ರಾತ್ರಿ ನಮ್ಮ ಊರಿನವರು, ಗೋವೆಯವರು, ಮಲಯಾಳಿಗಳು ಅಂಗಳ ತುಂಬ ಸೇರುತ್ತಾರೆ, ತಾನೂ ಹೋಗುತ್ತೇನೆ, ಚಿಂತೆ ಮಾಡಬೇಡಿ ಎಂದರು. ಎಲ್ಲ ಮುಗಿದ ಮೇಲೆ ನನ್ನ ಹೆಸರು ಹೇಳಿ ಸ್ವಲ್ಪ ಹೊತ್ತು ಸುಮ್ಮನಾದರು. ಇಡೀ ಮನೆ ಕೇಳುತ್ತದೆಂದು ಅವರಿಗೆ ಗೊತ್ತಿತ್ತು. “ಆರೋಗ್ಯ ನೋಡಿಕೋ” ಎಂದಷ್ಟೇ ಹೇಳಿದರು. ನಾನು ನಾಚಿ ಅಡುಗೆಮನೆಗೆ ಎದ್ದುಹೋದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಸದ್ದು ಕಡಿಮೆ ಮಾಡಿ ಆ ಒಂದು ಮಾತನ್ನು, ಅದಕ್ಕಿಂತ ಮೊದಲಿನ ಆ ಮೌನವನ್ನು ಮತ್ತೆ ಮತ್ತೆ ಕೇಳಿದೆ.

ಕರಾವಳಿಯಲ್ಲಿ ಇಂಥ ಮೊದಲ ಕ್ರಿಸ್ಮಸ್ ಕಳೆದ ಹೆಂಗಸರು ಸಾವಿರಾರು ಮಂದಿ ಇದ್ದಾರೆ. ಈಗಲೂ ಇದ್ದಾರೆ, ವೀಸಾ ಬಾರದೆ ಉಳಿದವರು, ಹಡಗಿನ ಕೆಲಸದವರನ್ನು ಕೈಹಿಡಿದವರು. ವಿಡಿಯೋ ಕರೆ ಬಂದಿದೆ, ಮುಖ ಕಾಣುತ್ತದೆ, ಅದು ದೊಡ್ಡ ಸಮಾಧಾನವೇ. ಆದರೂ ಒಂದೇ ಬೆಂಚಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತು ಕ್ರಿಸ್ಮಸ್ ಹಾಡು ಹಾಡುವುದಕ್ಕೆ ಅದು ಸಾಟಿಯಲ್ಲ. ಅದಕ್ಕೇ, ಜೊತೆಗಿರುವ ಭಾಗ್ಯ ಉಳ್ಳ ಮಕ್ಕಳು ಒಂದು ಸಂಜೆ ತಮಗೇ ಬೇಕೆಂದು ಕೇಳಿದಾಗ ನನಗೆ ಅವರ ಬಯಕೆ ಅತಿಯೆನ್ನಿಸಲಿಲ್ಲ.

26ರಂದು ಅವರು ಮಂಗಳೂರಿಗೆ ಬಂದ ಮೇಲೆ ಮಾಡಬೇಕಾದ ಒಂದು ಕೆಲಸವನ್ನು ಅತ್ತಿಗೆ ಅವರಿಗೇ ಉಳಿಸಿದ್ದಾರೆ. ನೆರೆಮನೆಗಳಿಗೆ ಕುಸ್ವಾರಿನ ತಟ್ಟೆ ಒಯ್ಯುವುದು. ಕ್ರೋಶ ಹೆಣೆದ ಅಂಚಿನ ಬಟ್ಟೆ ಮುಚ್ಚಿ ಭಟ್ಟರ ಮನೆಗೆ, ಬ್ಯಾರಿಗಳ ಮನೆಗೆ, ಬೀದಿಯ ಕೊನೆಯ ಮನೆಯವರಿಗೆ. ತಟ್ಟೆಯನ್ನು ಯಾರೂ ಬರಿದಾಗಿ ಹಿಂತಿರುಗಿಸುವುದಿಲ್ಲ. ಬಾಳೆಹಣ್ಣೋ, ಒಂದು ಹಿಡಿ ಸಕ್ಕರೆಯೋ ಅದರಲ್ಲಿ ಇದ್ದೇ ಇರುತ್ತದೆ. ಹಬ್ಬದ ದಿನವೇ ತಟ್ಟೆ ಹೋಗಲೇಬೇಕಾದ ಮನೆ ಒಂದಿದೆ. ಈ ವರ್ಷ ಅಲ್ಲಿ ಯಜಮಾನರು ತೀರಿಕೊಂಡಿದ್ದಾರೆ, ಅವರು ಕುಸ್ವಾರ್ ಮಾಡುವುದಿಲ್ಲ. ಅಲ್ಲಿಗೆ 25ರಂದೇ ನಾನೇ ಹೋಗುತ್ತೇನೆ. ಉಳಿದ ಮನೆಗಳಿಗೆ ಹೊಸ ಜೋಡಿ. ಬೀದಿಯವರಿಗೆ ಸೊಸೆಯ ಪರಿಚಯವೂ ಆಗುತ್ತದೆ, ಮುರಿಗಿ ಹಾಕಿದ ಕರ್ಜಿಕಾಯಿಯ ಪರಿಚಯವೂ ಆಗುತ್ತದೆ.

ಕ್ರಿಸ್ಮಸ್ ಒಂದು ದಿನಕ್ಕೆ ಮುಗಿಯುವ ಹಬ್ಬವಲ್ಲ ಎನ್ನುವುದು ಈ ವಿಷಯದಲ್ಲಿ ಬಹಳ ಉಪಕಾರಕ್ಕೆ ಬರುತ್ತದೆ. ನಮ್ಮ ಪಂಚಾಂಗದಲ್ಲಿ 25ರಿಂದ ಶುರುವಾದ ಕ್ರಿಸ್ಮಸ್ ಕಾಲ ಪೂರ್ವದ ಜ್ಞಾನಿಗಳ ಹಬ್ಬ ದಾಟಿ ಯೇಸುವಿನ ಸ್ನಾನದೀಕ್ಷೆಯ ಹಬ್ಬದವರೆಗೆ ನಡೆಯುತ್ತದೆ. ನಡುವಿನ ಒಂದು ದಿನವನ್ನು ಪವಿತ್ರ ಕುಟುಂಬದ ಹಬ್ಬವೆಂದೇ ಆಚರಿಸುತ್ತೇವೆ. ಹೊಸ ಜೋಡಿಯನ್ನು ಒಂದೇ ಸಂಜೆಗೆ ಎರಡು ಮನೆಯವರು ಎಳೆಯಬೇಕಾದ ಅಗತ್ಯವೇ ಇಲ್ಲ. ದಿನಗಳು ಬೇಕಾದಷ್ಟಿವೆ. ನಮ್ಮವರು 30ಕ್ಕೆ ಇಲ್ಲಿಂದ ಹುಬ್ಬಳ್ಳಿಯ ದಾರಿಯಾಗಿ ಬೆಟಗೇರಿಗೆ ಹೊರಡುತ್ತಾರೆ. 31ರ ರಾತ್ರಿ ಅವಳ ಚರ್ಚಿನಲ್ಲಿ ಹಳೆ ವರ್ಷ ಕಳೆದು ಹೊಸ ವರ್ಷ ಬರುವ ತನಕ ಜಾಗರಣೆಯ ಆರಾಧನೆ ಇರುತ್ತದೆ. ನಮ್ಮ ಹುಡುಗ ಅದಕ್ಕೆಂದು ಎರಡು ಕನ್ನಡ ಹಾಡು ಕಲಿಯುತ್ತಿದ್ದಾನೆ. ಅವಳ ತಂದೆ ಫೋನಿನಲ್ಲಿ, ಅಳಿಯನಿಗೆ ಕ್ಯಾರೊಲ್ ತಂಡದವರೆಲ್ಲ ಕಾಯುತ್ತಿದ್ದಾರೆ, ಕಿಡಿಯೊ ಸ್ವಲ್ಪ ಹೆಚ್ಚೇ ತರಲಿ ಎಂದಿದ್ದಾರೆ.

ಆಮೇಲೆ ಜನವರಿಯ ಮೊದಲ ವಾರದ ಕೊನೆಗೆ, ಜ್ಞಾನಿಗಳ ಹಬ್ಬದ ಭಾನುವಾರ, ಎರಡೂ ಕಡೆಯ ತಂದೆತಾಯಿ ಬೆಂಗಳೂರಿನ ಆ ಮನೆಗೆ ಹೋಗುವುದೆಂದು ನಿಶ್ಚಯವಾಗಿದೆ. ಕರೆದದ್ದು ಮಕ್ಕಳು. ಅಡುಗೆಯೂ ಅವರದೇ. ಹುಡುಗಿ ರೊಟ್ಟಿ, ಎಣ್ಣೆಗಾಯಿ ಮಾಡುತ್ತಾಳಂತೆ. ಹುಡುಗ ಹಬೆಯಲ್ಲಿ ಬೇಯಿಸುವ ಸಾನ್ನಾಂ ಮತ್ತು ಮಾಂಸದ ಬಫಾತ್ ಮಾಡುತ್ತೇನೆಂದಿದ್ದಾನೆ. ಸಾನ್ನಾಂ ಉಬ್ಬಲು ಸೇಂದಿ ಬೇಕು, ಬೆಂಗಳೂರಿನಲ್ಲಿ ಸಿಗದಿದ್ದರೆ ಯೀಸ್ಟ್ ಎಷ್ಟು ಹಾಕಬೇಕೆಂದು ತಾಯಿಗೆ ದಿನವೂ ಫೋನು. ಕೂರಲಿಕ್ಕೆ ನಾಲ್ಕೇ ಕುರ್ಚಿಗಳಿವೆ, ಚಾಪೆ ಹಾಸುತ್ತೇವೆ ಎಂದಿದ್ದಾರೆ. ಹಬೆ ಪಾತ್ರೆ ಅವರಲ್ಲಿಲ್ಲವಾದ್ದರಿಂದ ಅತ್ತಿಗೆ ತಮ್ಮದನ್ನೇ ಒಯ್ಯುತ್ತಾರೆ. ತಿಕ್ಕಿ ತೊಳೆದು, ಹಳೆಯ ಸೀರೆಯಲ್ಲಿ ಸುತ್ತಿ ಈಗಲೇ ಕಟ್ಟಿಟ್ಟಿದ್ದಾರೆ.